ಗೂಡ್ಸ್ ಲೈನು ಯಾವ ಕಡೆ

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೊಂದು ಬೇಕರಿ ಇದೆ. ಅಲ್ಲಿಂದ ಬಿಸಿ ಬೆಣ್ಣೆ ಬಿಸ್ಕತ್ತಿನ ವಾಸನೆ ಬಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ, ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಹೋದ ವಾರವೂ ಹಾಗೇ ಆಯಿತು. ರಿಪೇರಿಯಾದ ಮೋಟಾರೊಂದನ್ನು ತೋಟದವರಿಗೆ ತಲುಪಿಸಿ ವಾಪಸು ಬರುತ್ತಿದ್ದೆ, ಆ ವಾಸನೆ ಸೀದಾ ವ್ಯಾನಿನೊಳಕ್ಕೆ ನುಗ್ಗಿತು. ನಾಲ್ಕು ವರ್ಷ ಹಿಂದಿನ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂದು ಕೂತಿತು. ಆ ಮಳೆಗಾಲದಲ್ಲಿ ನಾನು ಮಾಡಿದ ಕೆಲಸವನ್ನು ಇದುವರೆಗೆ ಹೆಂಡತಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಓದಿ ಬೈದರೆ ಬೈಯಲಿ.

ಬೇಕರಿ ನನ್ನ ಷಡ್ಡಕ ಪರಮೇಶಿಯದು. ನನ್ನ ಹೆಂಡತಿ ಗಿರಿಜೆಯ ತಂಗಿ ಶೈಲಳ ಗಂಡ ಅವನು. ನಾನು ಕಡೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಪಂಚನಹಳ್ಳಿ ಕಡೆಯ ಬೋರ್‌ವೆಲ್‌ಗಳಲ್ಲಿ ಸುಟ್ಟುಹೋದ ಮೋಟಾರುಗಳು ನನ್ನಲ್ಲಿಗೆ ಬಂದು ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಹೋಗುತ್ತವೆ. ಷಡ್ಡಕರ ನಡುವೆ ಕಿಚ್ಚು ಅಂದರೆ ಜನ ಆಸ್ತಿಯೋ ಚಿನ್ನವೋ ಇರಬೇಕು ಅಂದುಕೊಳ್ಳುತ್ತಾರೆ. ನಮ್ಮದು ಅದೇನೂ ಅಲ್ಲ, ಆಟದ ರೈಲು. ಆಟದ ರೈಲು ಅಂತ ಬೇರೆಯವರು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅರ್ಥವಾಗಲಿ ಅಂತ ನಾನೇ ಅಂದುಬಿಟ್ಟೆ.

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎಂಟಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ಹಲಗೆ ಹಾಕಿ, ಅದರ ಮೇಲೆ ಮೀಟರ್‌ಗೇಜ್ ಕಾಲದ ಅಜ್ಜಂಪುರ ಸ್ಟೇಷನ್ನನ್ನು ಕಟ್ಟುತ್ತಿದ್ದೆ. ನಿಜದ ಅಳತೆಯನ್ನು ಎಂಬತ್ತೇಳರಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು, ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ. ಹಳಿಯ ಅಡಿಗೆ ಅಡ್ಡಲಾಗಿ ಹಾಕುವ ಸ್ಲೀಪರುಗಳಿಗೆ ಬೆಂಕಿಕಡ್ಡಿ ಕೊಯ್ದು ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ ಬಣ್ಣ ಬರಿಸಿದ್ದೆ. ಇಂಜಿನ್ನಿನೊಳಗಿನ ಪುಟಾಣಿ ಮೋಟಾರಿಗೆ ಭೂತಗನ್ನಡಿ ಹಿಡಿದು ನಾನೇ ತಂತಿ ಸುತ್ತಿದ್ದೆ. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ಪಾಯಿಂಟು ಅನ್ನುತ್ತಾರೆ. ನನ್ನ ಪಾಯಿಂಟುಗಳು ಸ್ವಿಚ್ಚು ಒತ್ತಿದರೆ ಟಕ್ ಅಂತ ಹೊರಳುತ್ತಿದ್ದವು. ಹಲಗೆಯ ಮೇಲಿನ ಈ ಇಡೀ ಸ್ಟೇಷನ್ನಿಗೆ ಲೇಔಟ್ ಅನ್ನುತ್ತಾರೆ. ಲೇಔಟ್ ಮಾಡ್ತಿದೀನಿ ಅಂತ ಒಂದು ಸಲ ಬೀದಿಯಲ್ಲಿ ಬಾಯಿಬಿಟ್ಟಿದ್ದಕ್ಕೆ, ಸೈಟು ಎಷ್ಟಕ್ಕೆ ಕೊಡ್ತೀರಿ ಅಂತ ನಾಲ್ಕು ಜನ ಮನೆಗೇ ಬಂದಿದ್ದರು. ಆಮೇಲೆ ಯಾರಿಗೂ ಹೇಳಲಿಲ್ಲ.

ಊರೂರಲ್ಲಿ ಸ್ಟೇಷನ್ನಿರುವಾಗ ಅಜ್ಜಂಪುರವೇ ಯಾಕೆ ಅಂದರೆ, ಮಾವ. ಗಿರಿಜೆಯ ಅಪ್ಪ ಹಾಲಪ್ಪನವರು ಸರ್ವಿಸಿನ ಉದ್ದಕ್ಕೂ ಅದೇ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಮಳೆಯಲ್ಲಿ, ಬಿಸಿಲಲ್ಲಿ ಪಾಯಿಂಟು ಹೊರಳಿಸುವ ಲಿವರ್ ಎಳೆದೂ ಎಳೆದೂ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ನನ್ನಪ್ಪ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಲೇ ತೀರಿಕೊಂಡವರು. ಮದುವೆಯಾದ ಮೇಲೆ ನನಗೆ ಅಪ್ಪ ಅಂತ ಸಿಕ್ಕಿದ್ದು ಈ ಮಾವನೇ. ಹದಿನೈದು ದಿನಕ್ಕೊಮ್ಮೆ ಭಾನುವಾರ ಅಜ್ಜಂಪುರದಿಂದ ಪ್ಯಾಸೆಂಜರ್ ಹತ್ತಿ ಕಡೂರಿಗೆ ಬರುತ್ತಿದ್ದರು. ಊಟ ಮುಗಿಸಿ ಮಹಡಿ ಹತ್ತಿ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು. ಬಹಳ ಹೊತ್ತು ನೋಡಿದ ಮೇಲೆ ಒಂದೇ ಮಾತು.

"ಚೆನ್ನಾಗೈತೆ ಅಳಿಯಂದ್ರೇ."

ಚೆನ್ನಾಗೈತೆ! ಉಪ್ಪಿಟ್ಟಿಗೂ ಅದನ್ನೇ ಅನ್ನುತ್ತಿದ್ದರು, ಗಿರಿಜೆಯ ಹೊಸ ಸೀರೆಗೂ ಅದನ್ನೇ. ನನಗೆ ಬೇಕಾಗಿದ್ದ ಮಾತು ಬೇರೆ. 'ಇದೇ ನಮ್ಮ ಸ್ಟೇಷನ್ನು' ಅಂತ ಅವರ ಬಾಯಿಂದ ಒಂದು ಸಲ ಬರಬೇಕಿತ್ತು. ಮೂರು ವರ್ಷದಿಂದ ಅದಕ್ಕೇ ಕಾದಿದ್ದೆ. ಇದು ಸರೀನಾ ಮಾವ, ಅದು ಸರೀನಾ ಮಾವ ಅಂತ ನಾನಾಗಿಯೇ ಕೇಳಿದರೆ, "ಹೂಂ, ಹಂಗೇ ಇತ್ತು ಬಿಡಿ" ಅಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಉದಾಹರಣೆಗೆ ಗೂಡ್ಸ್ ಲೈನು. ಮೂಟೆ ತುಂಬುವ ವ್ಯಾಗನ್‌ಗಳು ನಿಲ್ಲುವ ಆ ಹಳಿ ಹಿಂದಿನ ಕಾಲದಲ್ಲಿ ಎಲ್ಲಿತ್ತು ಅಂತ ನೋಡಲು ಈಗ ಏನೂ ಉಳಿದಿಲ್ಲ. ನಾನೇ ಅಜ್ಜಂಪುರಕ್ಕೆ ಹೋಗಿ ಪ್ಲಾಟ್‌ಫಾರಂ ಉದ್ದಕ್ಕೂ ನಡೆದು, ಹಳಿಯ ಆಚೆ ಹೊಲದ ಕಡೆಗೆ ಮಟ್ಟಸವಾದ ಜಾಗ ಕಂಡು, ಇಲ್ಲೇ ಇದ್ದಿರಬೇಕು ಅಂತ ತೀರ್ಮಾನ ಮಾಡಿ ಬಂದೆ. ಹೊಲದ ಕಡೆಗೇ ಹಳಿ ಹಾಕಿದೆ. ಮಾವನಿಗೆ ತೋರಿಸಿದೆ. ಚೆನ್ನಾಗೈತೆ ಅಂದರು.

ಪರಮೇಶಿ ಇದರೊಳಕ್ಕೆ ಬಂದದ್ದು ಆ ವರ್ಷದ ಯುಗಾದಿಗೆ. ಹಬ್ಬದ ಊಟಕ್ಕೆ ಬಂದವನು ಮಹಡಿಗೆ ಹೋಗಿ ಎರಡು ಗಂಟೆ ಇಳಿಯಲೇ ಇಲ್ಲ. ಇಳಿದು ಬಂದಾಗ ಅವನ ಮುಖ ನೋಡಬೇಕಿತ್ತು. "ಅಣ್ಣಾ, ನಂಗೂ ಕಲ್ಸಿಕೊಡಿ" ಅಂದ. ಅಣ್ಣ ಅಂತ ಬಾಯಿತುಂಬ ಕರೆದರೆ ನಾನು ಕರಗಿಹೋಗುವವನು. ಹಳಿ ಎಲ್ಲಿ ತರಿಸಬೇಕು, ಪ್ಲೈವುಡ್ಡಿಗೆ ಯಾವ ಕಡೆ ಪ್ರೈಮರ್ ಹೊಡೆಯಬೇಕು, ತಿರುವು ಎಷ್ಟು ಇಕ್ಕಟ್ಟಾದರೆ ಬೋಗಿ ಹಳಿ ತಪ್ಪುತ್ತದೆ, ಎಲ್ಲ ಹೇಳಿಕೊಟ್ಟೆ. ಒಂದು ಇಂಜಿನ್ನೂ ವೈಂಡಿಂಗ್ ಮಾಡಿಕೊಟ್ಟೆ. ಬೇಕಾದರೆ ತರೀಕೆರೆ ಸ್ಟೇಷನ್ನು ಮಾಡಿಕೊಳ್ಳಲಿ ಅಂದುಕೊಂಡಿದ್ದೆ. ಅವನು ಅಜ್ಜಂಪುರವನ್ನೇ ಹಿಡಿದ. ಅವನ ಪಾಲಿಗೂ ಅದೇ ಸ್ಟೇಷನ್ನು ತಾನೇ? ಮಾವ ಅವನಿಗೆ ಹೆಂಡತಿಯ ಅಪ್ಪ ಮಾತ್ರವಲ್ಲ, ಸ್ವಂತ ಸೋದರಮಾವ. ತಾಯಿಯ ಅಣ್ಣ. ಚಡ್ಡಿ ಹಾಕಿಕೊಂಡ ಕಾಲದಿಂದ ಆ ಪ್ಲಾಟ್‌ಫಾರಂ ಮೇಲೆ ಆಡಿ ಬೆಳೆದವನು.

ಮುಂಗಾರು ಹಿಡಿಯಿತು. ಮಳೆ ಬಂದರೆ ಬೋರ್‌ವೆಲ್ ಓಡುವುದಿಲ್ಲ, ಮೋಟಾರು ಸುಡುವುದಿಲ್ಲ, ನನಗೆ ಕೈತುಂಬ ಬಿಡುವು. ಪ್ರತಿ ವರ್ಷ ನನ್ನ ಲೇಔಟಿನ ಕೆಲಸ ಸಾಗುತ್ತಿದ್ದುದೇ ಮಳೆಗಾಲದಲ್ಲಿ. ಆ ವರ್ಷ ಬಿಡುವಿತ್ತು, ಮಾವ ಇರಲಿಲ್ಲ.

"ಅಪ್ಪ ಈ ವಾರಾನೂ ತರೀಕೆರೆಗೆ ಹೋಗವ್ರಂತೆ" ಅಂದಳು ಗಿರಿಜೆ, ರೊಟ್ಟಿ ತಟ್ಟುತ್ತ.

"ಹೋಗ್ಲಿ ಬಿಡು. ಮಗಳ ಮನೆ ತಾನೇ."

"ಪರ್ಮೇಶಿ ಏನೋ ಮರ ಮಾಡವ್ನಂತೆ. ಶೈಲ ಹೇಳ್ತಿದ್ಲು, ಎಲೆ ಎಲೆನೂ ಕಾಣ್ತದಂತೆ ಕಣ್ರೀ."

"ಸಕ್ಕರೆ ಹೂವು ಮಾಡೋನಿಗೆ ಎಲೆ ಮಾಡೋದು ಯಾವ ಮಹಾ" ಅಂದೆ. ಗಿರಿಜೆ ನನ್ನ ಮುಖ ನೋಡಿ ರೊಟ್ಟಿ ತಿರುವಿ ಹಾಕಿದಳು.

ಜುಲೈ ತಿಂಗಳಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಪರಮೇಶಿ ಒಣಕೊಬ್ಬರಿ ತುರಿಗೆ ಕೇಕಿನ ಹಸಿರು ಬಣ್ಣ ಕಲಸಿ ಹುಲ್ಲು ಅಂತ ಸ್ಟೇಷನ್ ಸುತ್ತ ಅಂಟಿಸಿದ್ದನಂತೆ. ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲುಗಾವಲೇ ನಡೆದು ಹೋಗುತ್ತಿದೆ! ಇರುವೆ. ಸಾಲುಗಟ್ಟಿ ಬಂದು ಅಜ್ಜಂಪುರದ ಹುಲ್ಲನ್ನೆಲ್ಲ ಹೊತ್ತುಕೊಂಡು ಹೋಗಿದ್ದವಂತೆ. ಅವತ್ತು ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ, ಸುಳ್ಳು ಯಾಕೆ ಹೇಳಲಿ.

ಮುಂದಿನ ವಾರ ಸಂತಾಪ ಹೇಳುವವನ ಹಾಗೆ ಮುಖ ಮಾಡಿಕೊಂಡು ತರೀಕೆರೆಗೆ ಹೋದೆ. ಬೇಕರಿಯ ಹಿಂದಿನ ಕೋಣೆ. ಒಲೆಯ ಗೋಡೆಗೆ ಅಂಟಿಕೊಂಡ ಕೋಣೆಯಾದ್ದರಿಂದ ಹೊರಗೆ ಎಷ್ಟು ಮಳೆ ಹೊಡೆದರೂ ಒಳಗೆ ಬೆಚ್ಚಗೆ. ನನ್ನ ಮಹಡಿಯಲ್ಲಿ ಪ್ಲೈವುಡ್ಡು ನೀರು ಕುಡಿದು ಉಬ್ಬಿ, ಹಳಿ ಒಂದು ಕಡೆ ಏರಿ ಇಂಜಿನ್ನು ಮುಗ್ಗರಿಸುತ್ತಿತ್ತು. ಇವನದು ಹಪ್ಪಳದಂತೆ ಒಣಗಿತ್ತು. ಕೊಬ್ಬರಿ ಹುಲ್ಲು ಕಿತ್ತು ಸಾಮಿಲ್ಲಿನ ಮರದಪುಡಿಗೆ ಬಣ್ಣ ಕಟ್ಟಿ ಹಾಕಿದ್ದ. ಹೊಸದು ಹಳೆಯದಕ್ಕಿಂತ ಚೆನ್ನಾಗಿತ್ತು, ಹಾಳಾದ್ದು.

ಆಮೇಲೆ ಹುಣಸೆಮರ ನೋಡಿದೆ. ಸ್ಟೇಷನ್ನಿನ ಪಕ್ಕದಲ್ಲಿ ಗೇಣುದ್ದದ ಹುಣಸೆಮರ. ತಾಮ್ರದ ತಂತಿ ಹೊಸೆದು ಮಾಡಿದ ಕಾಂಡ. ಆ ತಂತಿ ನಾನೇ ಕೊಟ್ಟದ್ದು. ಕೆಳಗೆ ಬೇರಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಒಬ್ಬ ಮನುಷ್ಯ ಮಲಗಿ ಮುಖಕ್ಕೆ ಟವಲ್ ಹಾಕಿಕೊಂಡಿದ್ದ. ಅವನ ಚಪ್ಪಲಿ ಬಿಟ್ಟಿದ್ದು ಬೇರೆ ಕಾಣುತ್ತಿತ್ತು! ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ಅಜ್ಜಂಪುರ ಅಂತ ಬರೆದಿದ್ದ. ದಿನಕ್ಕೆ ಹತ್ತು ಕೇಕಿನ ಮೇಲೆ ಮಕ್ಕಳ ಹೆಸರು ಬರೆಯುವ ಕೈ, ಒತ್ತಕ್ಷರ ಕೂಡ ಮುದ್ದಾಗಿ ಕೂತಿತ್ತು. ನನ್ನ ಲೇಔಟಿನಲ್ಲಿ ರೈಲು ಗಡಿಯಾರದ ಹಾಗೆ ಓಡುತ್ತಿತ್ತು, ಆದರೆ ಅಲ್ಲಿ ಯಾರೂ ಮಲಗಿರಲಿಲ್ಲ. ಅವನ ರೈಲು ನಿಂತೇ ಇದ್ದರೂ ಅಲ್ಲೊಂದು ಊರಿತ್ತು.

ಮಾವ ಅಲ್ಲೇ ಇದ್ದರು. ಖಾಲಿ ಬನ್ನಿನ ಟ್ರೇ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದರು. ನಾನು ಒಳಗೆ ಹೋದಾಗ ಅವನಿಗೆ ಬೈಯುತ್ತಿದ್ದರು.

"ಲೇ ಪರ್ಮೇಶಿ, ತಲೆ ಐತೇನೋ ನಿಂಗೆ? ಸಿಗ್ನಲ್ ಕಂಬ ಇಷ್ಟು ಗಿಡ್ಡ ಇತ್ತೇನೋ? ಡ್ರೈವರ್ ಇಂಜಿನ್ನಿಂದ ಇಳ್ದು ಮಂಡಿ ಊರಿ ನೋಡ್ಬೇಕಾ?"

"ಮೊದ್ಲೇ ಹೇಳಕ್ಕೇನಾಗಿತ್ತು ಮಾವ?"

"ಕಣ್ಣೆಲ್ಲಿ ಮಡಗಿದ್ದೆ ಚಿಕ್ಕೋನಾಗಿದ್ದಾಗ? ಆ ಕಂಬ ಹತ್ತಿ ನನ್ ಕೈಲಿ ಏಟು ತಿಂದಿಲ್ವಾ? ಕೀಳು, ಕೀಳು. ಹೊಸದಾಗಿ ಮಾಡು."

ನನ್ನನ್ನು ಕಂಡ ತಕ್ಷಣ ಮಾವನ ದನಿಯೇ ಬದಲಾಯಿತು. "ಓ, ಬನ್ನಿ ಅಳಿಯಂದ್ರೇ, ಬನ್ನಿ. ಮಳೆಲಿ ಬಂದ್ರಾ?" ಎದ್ದು ನಿಂತು ಟ್ರೇ ನನಗೆ ಬಿಟ್ಟುಕೊಟ್ಟರು. ಆ ಮರ್ಯಾದೆ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹದಿನೆಂಟು ವರ್ಷ ಅಳಿಯನಾಗಿದ್ದವನಿಗೆ ಒಂದು ಸಲ ತಲೆ ಇಲ್ವೇನೋ ಅಂದಿದ್ದರೆ! ಒಬ್ಬನಿಗೆ ಬಿದ್ದ ಬೈಗುಳಕ್ಕೆ ಇನ್ನೊಬ್ಬ ಹೊಟ್ಟೆಕಿಚ್ಚು ಪಡುವುದುಂಟೇ ಅಂತ ನೀವು ಕೇಳಬಹುದು. ಉಂಟು. ನಾನು ಪಟ್ಟಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಪರಮೇಶಿ ಫೋನ್ ಮಾಡಿದ. ಗಣೇಶನ ಹಬ್ಬ ಕಳೆದ ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆಯುವವನಿದ್ದ. ಅಷ್ಟರಲ್ಲಿ ಗೂಡ್ಸ್ ಯಾರ್ಡ್ ಮುಗಿಸಿ ಮಾವನಿಗೆ ತೋರಿಸಬೇಕು ಅಂತ ಅವನ ಆಸೆ.

"ಗೂಡ್ಸ್ ಲೈನು ಯಾವ ಕಡೆ ಇತ್ತು ಅಂತ ನಂಗೆ ನೆನಪೇ ಇಲ್ಲ ಅಣ್ಣಾ. ನಾನು ಆಡೋ ಹೊತ್ಗೆ ಕಿತ್ತಾಕಿದ್ರು. ನಿಮ್ದ್ರಲ್ಲಿ ಹೊಲದ ಕಡೆ ಐತಲ್ಲ, ಹಂಗೇ ಹಾಕ್ಲಾ?"

"ಮಾವನ್ನೇ ಕೇಳು."

"ಬೇಡ ಬೇಡ. ಅವ್ರಿಗೆ ಗೊತ್ತಾಗ್ಬಾರ್ದು. ಒಂದೇ ಸಲ ನೋಡಿ ಖುಷಿಯಾಗ್ಬೇಕು."

ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು: "ಹೊಲದ ಕಡೆ ಅಲ್ಲ ಕಣೋ, ಊರ ಕಡೆ. ಪ್ಲಾಟ್‌ಫಾರಂ ಮುಗಿಯೋ ಹತ್ರ, ಹುಣಸೆಮರದ ಪಕ್ಕ. ನಂದು ತಪ್ಪಾಗಿದೆ. ಮಾವ ಆಮೇಲೆ ಹೇಳಿದ್ರು. ನೀನಾದ್ರೂ ಸರಿಯಾಗಿ ಹಾಕು."

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ಫೋನ್ ಇಟ್ಟೆ. ತಪ್ಪಾಯಿತು, ಹಂಗಲ್ಲ ಕಣೋ ಅಂತ ವಾಪಸು ಫೋನ್ ಮಾಡಬೇಕು ಅಂತ ಹತ್ತು ಸಲ ಅನ್ನಿಸಿತು. ಹತ್ತು ಸಲವೂ ಆ ಹುಣಸೆಮರದ ಕೆಳಗೆ ಮಲಗಿದವನ ಚಪ್ಪಲಿ ನೆನಪಿಗೆ ಬಂದು ಸುಮ್ಮನಾದೆ. ಮೂರು ವಾರ ಅವನು ಹಗಲು ಬನ್ನು ಬೇಯಿಸಿ, ಬಿಡುವಾದಾಗೆಲ್ಲ ಕೂತು ಆ ತಪ್ಪು ಜಾಗದಲ್ಲಿ ಯಾರ್ಡ್ ಕಟ್ಟಿದ. ಎಲ್ಲರ ಎದುರಿಗೆ ಮಾವ, ಇದ್ಯಾವ ಊರ ಸ್ಟೇಷನ್ನೋ ಅನ್ನಬೇಕು. ಅವನ ಮುಖ ಇಷ್ಟಾಗಬೇಕು. ನನಗೆ ಬೇಕಾಗಿದ್ದು ಅದೇ.

ಆ ಭಾನುವಾರ ಜಿನುಗು ಮಳೆ. ಶೈಲ ಒಬ್ಬಟ್ಟು ಮಾಡಿದ್ದಳು. ಊಟಕ್ಕೆ ಮುಂಚೆ ಎಲ್ಲರನ್ನೂ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಪರಮೇಶಿ ಮೇಲೆ ಹೊದಿಸಿದ್ದ ಪಂಚೆ ತೆಗೆದ. ಊರ ಕಡೆಗೆ ಗೂಡ್ಸ್ ಲೈನು. ಅದರ ಮೇಲೆ ಮೂರು ವ್ಯಾಗನ್. ಪಕ್ಕದಲ್ಲಿ ಎತ್ತಿನ ಗಾಡಿಗಳ ಸಾಲು, ಮೂಟೆಗಳು, ನೊಗ ಇಳಿಸಿ ಮರದ ಕೆಳಗೆ ಕಟ್ಟಿದ ಎತ್ತುಗಳು.

ಮಾವ ಬಗ್ಗಿದರು. ಕನ್ನಡಕ ಹಣೆಗೇರಿತು. ಈಗ ಬಂತು, ಈಗ ಬಂತು ಬೈಗುಳ ಅಂತ ಕಾಯುತ್ತಿದ್ದೆ. ಅವರು ಒಂದು ಬೆರಳನ್ನು ಆ ಹಳಿಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋದರು. ಆಮೇಲೆ ಹೆಗಲ ಮೇಲಿನ ಟವಲ್ ತೆಗೆದು ಕಣ್ಣಿಗೆ ಒತ್ತಿಕೊಂಡರು.

"ಇದೇ. ಇದೇ ಕಣೋ ನಮ್ಮ ಸ್ಟೇಷನ್ನು" ಅಂದರು. "ಗಾಡಿಗಳು ಇಲ್ಲೇ ನಿಲ್ತಿದ್ವು. ಮೆಣಸಿನ್ಕಾಯಿ ಮೂಟೆ ಇಳಿಸ್ತಿದ್ರೆ ಊರೆಲ್ಲಾ ಸೀನೋರು. ಎತ್ತು ಈ ಮರದ ಕೆಳ್ಗೇ ಕಟ್ತಿದ್ದಿದ್ದು."

ಊರಿನಿಂದ ಮೂಟೆ ಹೇರಿಕೊಂಡು ಬಂದ ಗಾಡಿ ಹಳಿ ದಾಟಿ ಹೊಲದ ಕಡೆಗೆ ಯಾಕಪ್ಪಾ ಹೋಗುತ್ತದೆ? ಮೂರು ವರ್ಷ ಮಿಲಿಮೀಟರ್ ಲೆಕ್ಕ ಹಾಕಿದ ನನ್ನ ತಲೆಗೆ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ. ನನ್ನದು ತಪ್ಪಾಗಿತ್ತು. ನನ್ನ ಸುಳ್ಳೇ ಸರಿಯಾಗಿತ್ತು.

ಪರಮೇಶಿಯ ಕಣ್ಣಲ್ಲೂ ನೀರು. "ಇದ್ರಲ್ಲಿ ನಂದೇನಿಲ್ಲ ಮಾವ. ಊರ ಕಡೆ ಅಂತ ಹೇಳಿದ್ದೇ ಅಣ್ಣ. ನಂದಂತೂ ತಪ್ಪಾಯ್ತು, ನೀನು ಸರಿಯಾಗಿ ಹಾಕು ಅಂದ್ರು. ಅವ್ರಿಗೆ ನೀವೇ ಹೇಳಿದ್ರಂತಲ್ಲ?"

ಮಾವ ತಿರುಗಿ ನನ್ನನ್ನು ನೋಡಿದರು. ಅವರು ಯಾವತ್ತೂ ಹೇಳಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

"ಹೂಂ" ಅಂದರು ಮಾವ. "ಹೇಳಿದ್ದೆ."

ಊಟಕ್ಕೆ ಕೂತಾಗ ಶೈಲ ನನ್ನ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿದಳು. "ನಿಮ್ದು ದೊಡ್ಡ ಮನಸ್ಸು ಭಾವ" ಅಂದಳು. ಗಿರಿಜೆ ನನ್ನ ಕಡೆ ನೋಡಿದ ನೋಟದಲ್ಲಿ ಹೆಮ್ಮೆ ಇತ್ತು. ಹೊಗಳಿಕೆಯನ್ನು ಬೇಡ ಅನ್ನುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಗಿರಿಜೆ ತಂಗಿಯ ಮನೆಯಲ್ಲಿ ಎರಡು ದಿನ ಇರುತ್ತೇನೆ ಅಂದಳು. ಮಾವನನ್ನು ಅಜ್ಜಂಪುರಕ್ಕೆ ಬಿಡಲು ವ್ಯಾನಿನಲ್ಲಿ ನಾವಿಬ್ಬರೇ ಹೊರಟೆವು. ಊರು ದಾಟುವವರೆಗೂ ವೈಪರ್ ಒಂದೇ ಮಾತಾಡುತ್ತಿತ್ತು.

"ಅಳಿಯಂದ್ರೇ, ನಾನು ಯಾವತ್ತು ಹೇಳ್ದೆ ನಿಮ್ಗೆ?"

ನಾನು ರಸ್ತೆಯನ್ನೇ ನೋಡುತ್ತಿದ್ದೆ.

"ಹೇಳ್ಬೇಕು ಅಂತ ಮೂರು ವರ್ಷದಿಂದ ಬಾಯಿಗೆ ಬರೋದು" ಅಂದರು ಮಾವ. "ಲೈನು ಹೊಲದ ಕಡೆ ಇರ್ಲಿಲ್ಲ ಅಂತ. ಆದ್ರೆ ಮಗಳ್ನ ಕೊಟ್ಟ ಮನೇಲಿ ಕೂತ್ಕಂಡು, ಅವ್ರ ಅನ್ನ ಉಂಡು, ಅಳಿಯಂಗೇ ತಪ್ಪು ಅನ್ನಕ್ಕಾಯ್ತದಾ? ನುಂಗ್ಕಂಡೆ. ನೋಡಿ ನೋಡಿ ಸಂಕಟ ಆಗೋದು. ಅದ್ಕೇ ಬರೋದು ಕಮ್ಮಿ ಮಾಡ್ದೆ."

"ಪರಮೇಶಿಗೆ ಬೈತೀರಲ್ಲ ಮಾವ."

"ಅವ್ನು ನನ್ ತಂಗಿ ಮಗ. ತೊಟ್ಲಲ್ಲಿದ್ದಾಗ್ಲಿಂದ ಬೈದಿದೀನಿ."

"ನಂಗೂ ಬೈಬೇಕಿತ್ತು" ಅಂದೆ.

ಮಾವ ನನ್ನ ಕಡೆ ತಿರುಗಿ ಕೂತರು. ಆಮೇಲೆ ಕೇಳಿದರು: "ಸುಳ್ಳು ಯಾಕೆ ಹೇಳಿದ್ರಿ ಅವಂಗೆ?"

"ಅವನದು ತಪ್ಪಾಗ್ಲಿ ಅಂತ."

"ಯಾಕೆ?"

"ನೀವು ಅಲ್ಲಿಗೇ ಹೋಗ್ತೀರಿ ಅಂತ."

"ಥೂ ನಿನ್ನ!" ಅಂದರು ಮಾವ. ವ್ಯಾನು ಒಂದು ಸಲ ಹೊಯ್ದಾಡಿತು. "ಐವತ್ತು ವರ್ಷ ಆಯ್ತಲ್ಲೋ ನಿಂಗೆ. ಮೂರು ವಾರ ನಿದ್ದೆಗೆಟ್ಟು ಮಾಡವ್ನೆ ಆ ಹುಡ್ಗ. ಅಣ್ಣ ಅಣ್ಣ ಅಂತ ಪ್ರಾಣ ಬಿಡ್ತಾನೆ. ನಾಚ್ಕೆ ಆಗ್ಬೇಕು."

ಆಯಿತು. ಮೈಯೆಲ್ಲ ನಾಚಿಕೆಯಾಯಿತು. ಅಜ್ಜಂಪುರದಲ್ಲಿ ಮನೆ ಮುಂದೆ ಇಳಿದವರು ಒಳಗೆ ಬನ್ನಿ ಅಂತ ಕರೆಯಲೂ ಇಲ್ಲ, ಬಾಗಿಲು ದಢಾರಂತ ಹಾಕಿ ಹೋದರು.

ಮುಂದಿನ ಭಾನುವಾರ ಮಾವ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಾನು ಮಹಡಿ ಕೋಣೆಗೆ ಬೀಗ ಹಾಕಿದೆ. ಅಪ್ಪನಿಗೆ ಏನಂದ್ರಿ ಅಂತ ಗಿರಿಜೆ ಕೇಳಿದಾಗ, ಏನಿಲ್ಲ ಅಂದೆ. ಇನ್ನು ಈ ಮನೆಗೆ ಮಾವ ಬರುವುದಿಲ್ಲ, ಬಂದರೂ ಮಹಡಿ ಹತ್ತದೆ ಊಟ ಮಾಡಿ ಹೋಗುತ್ತಾರೆ ಅಂತ ನಿಶ್ಚಯ ಮಾಡಿಕೊಂಡಿದ್ದೆ.

ಮೂರನೆಯ ಭಾನುವಾರ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಹತ್ತು ಗಂಟೆಗೆ ಮಾವ ಗೇಟು ತೆಗೆದುಕೊಂಡು ಬಂದರು. ಗಿರಿಜೆ ಕೊಟ್ಟ ನೀರು ಕುಡಿದು, ಕೂರದೆ, ನನ್ನ ಕಡೆ ಕೈ ಚಾಚಿದರು. "ಬೀಗದ್ ಕೈ ಎಲ್ಲಿ?"

ಮಹಡಿಯಲ್ಲಿ ಸ್ಟೂಲನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ ನಿಂತೇ ಶುರು ಮಾಡಿದರು. "ಈ ಗೂಡ್ಸ್ ಲೈನ್ ಕೀಳು. ನೀರಿನ ಟ್ಯಾಂಕು ಈ ಕೊನೇಲಿರ್ಲಿಲ್ಲ, ಕೀಳು. ನನ್ ಲಿವರ್ ಇಲ್ಲಿತ್ತೇನೋ? ಇಲ್ಲಿಂದ ಎಳ್ದಿದ್ರೆ ನಾನು ಅವತ್ತೇ ಗಾಡಿ ಕೆಳ್ಗೆ ಸತ್ತೋಗ್ತಿದ್ದೆ. ಕೀಳು."

"ಹಂಗಾದ್ರೆ ಸರಿಯಾಗಿರೋದು ಯಾವ್ದು ಮಾವ?"

ಅವರು ಈ ಕೊನೆಯಿಂದ ಆ ಕೊನೆಯವರೆಗೆ ಒಂದು ಸಲ ನೋಡಿದರು. "ಊರ ಹೆಸ್ರೊಂದು ಸರಿಯಾಗೈತೆ. ಏನೋ ಹಲ್ಲು ಬಿಡ್ತೀಯಾ? ಕೀಳೋ."

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಬಗ್ಗಿದೆ. ಮೂರು ವರ್ಷದ ಕೆಲಸ ಸಾಯಂಕಾಲದೊಳಗೆ ಕಿತ್ತು ಬಂತು. ಮಾವ ತಲೆಯ ಮೇಲೆ ನಿಂತು ಉದ್ದಕ್ಕೂ ಬೈಯುತ್ತಲೇ ಇದ್ದರು.